ಒರೆಸಿದ ಮುಖ

ಮೊರಿತಾ-ಸಾನ್ ದಿನವೂ ಊದುಬತ್ತಿ ಹಚ್ಚಿ ಕೈಮುಗಿಯುತ್ತಿದ್ದ ಫೋಟೋ ಅವರ ತಂದೆಯದಲ್ಲ. ಅವರ ತಂದೆಯ ಮುಖವನ್ನು ಒರೆಸಿ ಹಾಕಿದವಳು ನಾನು. ಬೇರೊಬ್ಬನ ಮುಖವನ್ನು ಆ ಜಾಗಕ್ಕೆ ಕೂರಿಸಿ, ಇವರೇ ನಿಮ್ಮ ತಂದೆ ಎಂದು ಕೊಟ್ಟವಳೂ ನಾನು. ಮೂರು ವರ್ಷ ಬಾಯಿ ಬಿಡಲಿಲ್ಲ. ಇದನ್ನು ಸುತ್ತಿ ಬಳಸಿ, ಸ್ವಲ್ಪ ಮೆತ್ತಗೆ ಮಾಡಿ ಹೇಳುವ ದಾರಿಗಳನ್ನೆಲ್ಲ ಹುಡುಕಿ ನೋಡಿದೆ — ಯಾವುದೂ ಸಿಗಲಿಲ್ಲ. ಆದ್ದರಿಂದ ನೇರವಾಗಿಯೇ ಹೇಳುತ್ತೇನೆ.

ನಾನು ಮೈಸೂರಿನವಳು. ಯೋಕೋಹಾಮಾದಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ — ಎಂದರೆ ಬೇರೆಯವರ ತಪ್ಪು ಹುಡುಕಿ ತೋರಿಸುವುದಕ್ಕೆ ಸಂಬಳ ತೆಗೆದುಕೊಳ್ಳುವವಳು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು ಎಂದು ನಗುವವರು ನಗಲಿ. ಮೊರಿತಾ-ಸಾನ್ — ಇಲ್ಲಿಯ 'ಸಾನ್' ನಮ್ಮ 'ಅವರು' ಇದ್ದ ಹಾಗೆ — ನಮ್ಮ ಕೆಳಗಿನ ಮನೆಯ ಅಜ್ಜಿ. ಒಬ್ಬರೇ ಇರುವವರು, ಎಂಬತ್ತು ದಾಟಿ ಎಷ್ಟೋ ಆಗಿದೆ. ನಮ್ಮ ಮಗಳು ಅನ್ವಿಗೆ ಜಪಾನಿ ಅಕ್ಷರ ತಿದ್ದಿಸಿದವರು. ಹಳೆಯ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಸರಿಮಾಡುವುದು ನನ್ನ ಹವ್ಯಾಸ. ಅವರ ಮದುವೆಯ ಫೋಟೋವನ್ನು ಒಮ್ಮೆ ಹೊಸದರಂತೆ ಮಾಡಿಕೊಟ್ಟಿದ್ದೆ. ಅವರು ಬಾಗಿ ಬಾಗಿ ಧನ್ಯವಾದ ಹೇಳಿದರು. ಹೊಗಳಿಕೆ ಬಹಳ ರುಚಿಯಾದ ಪದಾರ್ಥ — ನನಗೆ ಅದರ ಚಟ ಹತ್ತಿತು.

ಕೊರೋನಾ ಶುರುವಾದ ಮೊದಲ ವಸಂತದಲ್ಲಿ ನಮ್ಮ ಬಾಗಿಲ ಹಿಡಿಗೆ ಒಂದು ಚೀಲ ತೂಗಿತು. ಆಗೆಲ್ಲ ಕೊಡುಕೊಳ್ಳುವುದು ಹಾಗೆಯೇ — ಚೀಲ ತೂಗುಹಾಕಿ, ಬೆಲ್ ಒತ್ತಿ, ದೂರ ಸರಿದು ನಿಲ್ಲುವುದು. ಮೆಟ್ಟಿಲ ಬಳಿ ಮಾಸ್ಕ್ ಹಾಕಿ ನಿಂತಿದ್ದ ಮೊರಿತಾ-ಸಾನ್ ಅಲ್ಲಿಂದಲೇ ವಿಷಯ ಹೇಳಿದರು. ಅಪ್ಪನ ಜೊತೆ ಕೆಲಸ ಮಾಡಿದವರೊಬ್ಬರ ಮೊಮ್ಮಗ, ಹಳೆಯ ಮನೆ ಖಾಲಿ ಮಾಡುವಾಗ ಸಿಕ್ಕಿತೆಂದು ಒಂದು ಫೋಟೋ ಕಳಿಸಿದ್ದನಂತೆ.

ಅದು ಲೋಕದಲ್ಲೆಲ್ಲ ವ್ಯಾಪಾರ ಮುಳುಗಿ ರೇಷ್ಮೆಯ ಬೆಲೆ ನೆಲಕಚ್ಚಿದ್ದ ಕಾಲದ ಫೋಟೋ. ಕೂಲಿಯಿಲ್ಲದೆ ಕೂತ ಹಳ್ಳಿಯ ಗಂಡಸರನ್ನು ಸರ್ಕಾರ ಬೋಳುಗುಡ್ಡಗಳಿಗೆ ಕಳಿಸಿ, ಮಣ್ಣು ಕೊಚ್ಚಿಹೋಗದಂತೆ ಮೆಟ್ಟಿಲು ಕಡಿಸಿ, ಪೈನ್ ಸಸಿ ನೆಡಿಸುತ್ತಿತ್ತು. ಬೆಟ್ಟದ ಬುಡದಲ್ಲೇ ಮರದ ಶೆಡ್ಡುಗಳ ಬಿಡಾರ. ಚಿತ್ರದಲ್ಲಿ ಗುದ್ದಲಿ ಹಿಡಿದ ಗಂಡಸರ ಎರಡು ಸಾಲು, ಹಿಂದೆ ಬೋಳು ಬೆಟ್ಟ. ಹಿಂದಿನ ಸಾಲಿನ ಕೊನೆಯಲ್ಲಿ ನಿಂತವರು ಮೊರಿತಾ-ಸಾನ್ ತಂದೆ ಎಂದು ಫೋಟೋದ ಬೆನ್ನಿಗೆ ಬರೆದಿತ್ತು. ಮುಖ ಕಡಲೆಬೇಳೆಯಷ್ಟು.

ಆ ಮುಖವನ್ನು ಅವರು ಕಂಡ ನೆನಪೇ ಇಲ್ಲ. ಅವರಿಗೆ ಬುದ್ಧಿ ಬರುವ ಮೊದಲೇ ಯುದ್ಧಕ್ಕೆ ಹೋದ ಅಪ್ಪ ಮರಳಲಿಲ್ಲ. ಮನೆಯಲ್ಲಿದ್ದ ಫೋಟೋಗಳು ಬಾಂಬಿನ ಬೆಂಕಿಗೆ ಹೋದವು. ಉಳಿದದ್ದು ಅಮ್ಮನ ಬಾಯಿಂದ ಕೇಳಿದ್ದು ಮಾತ್ರ — ಬಿಡಾರದಿಂದ ಬಂದಾಗ ಅಪ್ಪನ ಬೆರಳೆಲ್ಲ ಪೈನ್ ಅಂಟು. ಬಾರ್ಲಿ ಗಂಜಿ ತಿಂದು ತಿಂದು ಅನ್ನ ಅಗಿಯುವುದೇ ಮರೆತುಹೋಗಿದೆ ಎಂದು ನಗಿಸುತ್ತಿದ್ದರಂತೆ. ಈಗ ಫೋಟೋ ಬಂದಿದೆ, ಆದರೆ ಮೊರಿತಾ-ಸಾನ್ ಕಣ್ಣಿಗೆ ಪೊರೆ. ಆಪರೇಷನ್ ಕೊರೋನಾದಿಂದಾಗಿ ಮುಂದಕ್ಕೆ ಹೋಗಿತ್ತು.

"ಭೂತಗನ್ನಡಿ ಇಟ್ಟರೂ ಮಂಜು ಮಂಜು," ಎಂದರು. "ದೊಡ್ಡದು ಮಾಡಿಕೊಡಿ. ಒಂದು ಸಲ ಅಪ್ಪನ ಮುಖ ನೋಡಬೇಕು."

ಆ ದಿನಗಳಲ್ಲಿ ನಮ್ಮ ಮನೆಗೆ ಬಂದದ್ದೆಲ್ಲ ಬಾಗಿಲಲ್ಲೇ ಶುದ್ಧಿಯಾಗಬೇಕಿತ್ತು — ಹಾಲಿನ ಡಬ್ಬ, ಮೂಲೆಯ ಕೊಂಬಿನಿ ಅಂಗಡಿಯ ಬ್ರೆಡ್ಡು, ಕಾಗದಪತ್ರ, ಗಂಡನ ಚಪ್ಪಲಿ. ಮೈಸೂರಿನಲ್ಲಿ ನನ್ನ ಅಜ್ಜಿಯ ಮಡಿಯನ್ನು ನೋಡಿ ಹಲ್ಲುಕಿರಿಯುತ್ತಿದ್ದ ನಾನು ಅವರನ್ನೂ ಮೀರಿಸಿದ್ದೆ. ಕೈ ತಾನಾಗಿ ಸ್ಯಾನಿಟೈಸರ್ ಟಿಶ್ಯೂಗೆ ಹೋಯಿತು. ಫೋಟೋದ ಅಂಚಿನಲ್ಲಿ ಬೂಷ್ಟಿನ ಬಿಳಿ ಚುಕ್ಕೆಗಳು ಕಂಡವು. ಇವನ್ನೂ ತೆಗೆದುಬಿಡೋಣ ಎಂದು — ಒರೆಸಿದೆ.

ಬೂಷ್ಟು ಹಿಡಿದ ಹಳೆಯ ಫೋಟೋದ ಮೇಲ್ಪದರ ಕೊಳೆತಿರುತ್ತದೆ, ಒದ್ದೆ ತಾಗಿದರೆ ಕರಗುತ್ತದೆ. ಇದು ನನಗೆ ಗೊತ್ತಿತ್ತು. ಮೊದಲು ಸ್ಕ್ಯಾನ್, ಆಮೇಲೆ ಮುಟ್ಟುವುದು — ಅದೂ ಗೊತ್ತಿತ್ತು. ಗೊತ್ತಿಲ್ಲದವಳು ಮಾಡಿದ್ದರೆ ಅಚಾತುರ್ಯ ಎನ್ನಬಹುದಿತ್ತು. ಟಿಶ್ಯೂ ಎತ್ತಿದಾಗ ಅದರ ಮೇಲೆ ಬೂದು ಲೋಳೆ. ಫೋಟೋದಲ್ಲಿ ಕೊನೆಯವರ ಟೋಪಿ ಇತ್ತು, ಭುಜ ಇತ್ತು, ಗುದ್ದಲಿ ಇತ್ತು. ನಡುವೆ ಬರೀ ಕಾಗದ.

ಗಂಡ ಗಿರೀಶ ನೋಡಿ, "ಹೇಳ್ಬಿಡೇ ಈಗ್ಲೇ. ಆಕ್ಸಿಡೆಂಟ್ ಅಲ್ವಾ? ಅವರೇನು ಪೊಲೀಸ್ ಕರೀತಾರಾ?" ಎಂದ.

"ಅಷ್ಟು ವಯಸ್ಸಾದವ್ರು ಕಣೋ. ಶಾಕ್ ಆಗಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

ಎಷ್ಟು ಚೆನ್ನಾದ ಕಾಳಜಿ! ನಾನು ಹೆದರಿದ್ದು ಅವರ ಎದೆಗಲ್ಲ, ನನ್ನ ಹೆಸರಿಗೆ. ಮದುವೆ ಫೋಟೋ ನೋಡಿ ಬಾಗಿದ ಆ ತಲೆ ಇನ್ನು ನನ್ನೆದುರು ಬಾಗುವುದಿಲ್ಲವಲ್ಲ — ಅದಕ್ಕೆ. ಅಂದು ಕೆಳಗಿಳಿದು ಹೋಗಿದ್ದರೆ ಅದು ತಪ್ಪಾಗಿರುತ್ತಿತ್ತು, ಅಷ್ಟೇ. ಮುಂದಿನ ವಾರ ನಾನು ಮಾಡಿದ್ದು ಮೋಸ.

ಉಳಿದದ್ದನ್ನು ಸ್ಕ್ಯಾನ್ ಮಾಡಿ, ಪಕ್ಕದಲ್ಲಿ ನಿಂತವನ ಮುಖ ಎತ್ತಿದೆ. ಎಡಬಲ ತಿರುಗಿಸಿದೆ. ಕೆನ್ನೆ ತುಸು ಇಳಿಸಿ, ಟೋಪಿಯ ನೆರಳು ಎಳೆದು, ತುಟಿಗೆ ಇಷ್ಟೇ ಇಷ್ಟು ನಗು ಕೊಟ್ಟೆ. ಕೆಲಸ ಚೆನ್ನಾಗಿ ಬಂತು. ಚೆನ್ನಾಗಿ ಬಂತು ಎಂದು ಆಗ ಸಂತೋಷವೂ ಆಯಿತು — ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಒಂಬತ್ತು ವರ್ಷದ ಅನ್ವಿ ಹಿಂದೆ ನಿಂತು ನೋಡುತ್ತಿದ್ದಳು.

"ಅಮ್ಮಾ, ದಟ್ಸ್ ದ ಅದರ್ ಒಜೀಸಾನ್, ನೇ?" ಎಂದಳು. ಅದು ಇನ್ನೊಬ್ಬ ಅಜ್ಜ ಅಲ್ವಾ ಎಂದು.

"ಸುಮ್ನಿರು. ಮೊರಿತಾ-ಸಾನ್ ಹತ್ರ ಏನೂ ಹೇಳ್ಬೇಡ."

ಅವಳು ಹೇಳಲಿಲ್ಲ. ಆದರೆ ಹೋಗಿಬರುವುದು ಮತ್ತೆ ಶುರುವಾದ ಮೇಲೂ ಕೆಳಗಿನ ಮನೆಗೆ ಹೋಗಲಿಲ್ಲ. ಹೋಂವರ್ಕ್ ಇದೆ, ತಲೆನೋವು ಎಂದು ಏನೇನೋ ನೆಪ. ಸುಳ್ಳು ಹೇಳಬೇಡ ಎಂದು ಅವಳಿಗೆ ಅದೆಷ್ಟು ಸಲ ಗದರಿದ್ದೆನೋ.

ಆ ಮುಖವೊಂದರದ್ದೇ ದೊಡ್ಡ ಪ್ರಿಂಟನ್ನು ಮೊರಿತಾ-ಸಾನ್ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. "ಕಣ್ಣು ನನ್ನ ಹಾಗೇ ಇದೆಯಲ್ಲ?" ಎಂದರು. ನಾನು — ಹೌದು ಎಂದೆ. ಮೂಲ ಫೋಟೋ ಮುಟ್ಟಿದರೆ ಪುಡಿಯಾಗುತ್ತದೆ, ನನ್ನ ಬಳಿಯೇ ಜೋಪಾನವಾಗಿರಲಿ ಎಂದೂ ಹೇಳಿದೆ. ನಂಬಿದರು. ತೀರಿಹೋದವರನ್ನು ಕೂರಿಸುವ ಮರದ ಗೂಡಿನಲ್ಲಿ, ಅಮ್ಮನ ಪಕ್ಕದಲ್ಲಿ, ಆ ಮುಖವನ್ನು ಕೂರಿಸಿದರು. ಮುಂದಿನ ವರ್ಷ ಕಣ್ಣಿನ ಆಪರೇಷನ್ ಆಯಿತು. ಬ್ಯಾಂಡೇಜ್ ಬಿಚ್ಚಿ ಮನೆಗೆ ಬಂದವರು ಮೊದಲು ನೋಡಿದ್ದು ಅದನ್ನೇ ಅಂತೆ. ಸಂತೋಷದಿಂದ ನನಗೇ ಫೋನ್ ಮಾಡಿ ಹೇಳಿದರು.

ಫೋಟೋ ಕಳಿಸಿದ್ದ ಮೊಮ್ಮಗನಿಗೆ ನಾನು ಬರೆದೆ — ಇನ್ನೊಂದು ಪ್ರತಿ ಇದೆಯೇ ಎಂದು. ಇದನ್ನು ಪ್ರಾಯಶ್ಚಿತ್ತ ಎಂದುಕೊಳ್ಳಬೇಡಿ. ಸಿಕ್ಕಿದ್ದರೆ ಗುಟ್ಟಾಗಿ ಬದಲಾಯಿಸಿ, ಈಗ ಇನ್ನೂ ಚೆನ್ನಾಗಿ ಮಾಡಿದ್ದೇನೆ ನೋಡಿ ಎಂದು ಮತ್ತೊಂದು ಧನ್ಯವಾದ ಗಿಟ್ಟಿಸುವ ಲೆಕ್ಕ. ಅವನಲ್ಲಿದ್ದದ್ದು ಅದೊಂದೇ.

ಈ ವರ್ಷ ಮಾಸ್ಕುಗಳು ಒಂದೊಂದಾಗಿ ಇಳಿಯತೊಡಗಿದಾಗ ಮೊರಿತಾ-ಸಾನ್ ಮೇಲೆ ಬಂದರು. ಆ ಬೆಟ್ಟಕ್ಕೆ ಹೋಗೋಣ ಎಂದರು. ಬೋಳಾಗಿದ್ದದ್ದು ಈಗ ದಟ್ಟ ಕಾಡಂತೆ. "ಅಪ್ಪನನ್ನೂ ಕರೆದುಕೊಂಡು ಹೋಗುತ್ತೇನೆ. ನೆಟ್ಟದ್ದು ಎಷ್ಟು ಎತ್ತರ ಬೆಳೆದಿದೆ, ಅವರು ನೋಡಬೇಡವೇ?" ಎಂದು ನಕ್ಕರು. ಫೋಟೋ ಒಯ್ಯಲು ರೇಷ್ಮೆಯ ಚೀಲವೊಂದನ್ನು ಹೊಲಿದೂ ಆಗಿತ್ತು.

ಅವರು ಮೆಟ್ಟಿಲಿಳಿದು ಹೋದ ಮೇಲೆ ಗಿರೀಶನಿಗೆ ಹೇಳಿದೆ, "ಭಾನುವಾರ ಹೇಳ್ತೀನಿ." ಅವನು ಏನೋ ಹೇಳಲು ಬಾಯಿ ತೆರೆದ. ಬೇಡ ಎಂದೆ. ಧೈರ್ಯ ತುಂಬಿಸಿಕೊಂಡು ಮಾಡುವ ಕೆಲಸವಲ್ಲ ಇದು, ಮಾಡಲೇಬೇಕಾದ್ದು.

ಭಾನುವಾರ ಮೂಲ ಫೋಟೋ ಹಿಡಿದು ಹೋದೆ. ಈ ಊರಿನಲ್ಲಿ ಕಾಲು ತಾಗಿದರೂ 'ಕ್ಷಮಿಸಿ' ಎನ್ನುವ ಸುಮಿಮಾಸೆನ್, ಲಿಫ್ಟಿನಲ್ಲಿ ಜಾಗ ಕೇಳುವುದಕ್ಕೂ ಸುಮಿಮಾಸೆನ್. ಆ ಪದವನ್ನು ನಾನು ಬಳಸಲಿಲ್ಲ. ಕಾಗದವಷ್ಟೇ ಉಳಿದ ಆ ಜಾಗವನ್ನು ತೋರಿಸಿ, ಒರೆಸಿದ್ದು, ಪಕ್ಕದವನ ಮುಖ ತೆಗೆದದ್ದು, ಮಗುವಿನ ಬಾಯಿ ಮುಚ್ಚಿಸಿದ್ದು, ಎಲ್ಲವನ್ನೂ ಹೇಳಿದೆ. ನಡುವೆ ಎಲ್ಲಿಯೂ 'ಆದರೆ' ಎನ್ನಲಿಲ್ಲ.

ಮೊರಿತಾ-ಸಾನ್ ಗೂಡಿನ ಕಡೆ ನೋಡಿದರು, ನನ್ನ ಕೈಯಲ್ಲಿದ್ದುದನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟು ಹಗುರಾಗುತ್ತಿತ್ತು — ಆ ಹಗುರವನ್ನು ಬಯಸುವ ಹಕ್ಕೂ ನನಗಿಲ್ಲ. ಕೊನೆಗೆ ಅವರು ಮುಂದಕ್ಕೆ ಬಾಗಿ, ಮೆಲ್ಲಗೆ, ಬಹಳ ಆಸೆಯಿಂದ ಕೇಳಿದರು:

"ಹಾಗಾದರೆ ಕೊನೆಗೆ ನೋಡಿದವರು ನೀವೇ. ಅಪ್ಪ — ಹೇಗಿದ್ದರು?"

ಒಂದು ಮಾತು ಸಾಕಿತ್ತು. ಹಣೆ ಅಗಲವಾಗಿತ್ತು ಎನ್ನಬಹುದಿತ್ತು, ನಿಮ್ಮ ಹಾಗೇ ಇದ್ದರು ಎನ್ನಬಹುದಿತ್ತು. ನಂಬುತ್ತಿದ್ದರು. ಸಾಯುವವರೆಗೂ ಅದನ್ನಿಟ್ಟುಕೊಳ್ಳುತ್ತಿದ್ದರು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು, ನುಂಗಿದೆ.

"ನಾನು ನೋಡಲೇ ಇಲ್ಲ, ಮೊರಿತಾ-ಸಾನ್," ಎಂದೆ. "ಬೂಷ್ಟನ್ನು ಮಾತ್ರ ನೋಡಿದೆ."