ತಮ್ಮನ ಮುಲಾಕಾತಿಗೆ ನಾನು ಮಾಡಿದ ತಯಾರಿ

ನೆಟ್‌ವರ್ಕ್ ಹೋಗಬಹುದಿತ್ತು. ನೆಟ್‌ವರ್ಕ್ ಇದ್ದು ಕರೆಂಟ್ ಹೋಗಬಹುದಿತ್ತು. ಎರಡೂ ಇದ್ದು ನನ್ನ ಫೋನು ಯಾರನ್ನೂ ಕೇಳದೆ ತನ್ನನ್ನು ತಾನು ಅಪ್‌ಡೇಟ್ ಮಾಡಿಕೊಳ್ಳಲು ಕುಳಿತುಬಿಡಬಹುದಿತ್ತು. ಜೈಲಿನವರು ಲಿಂಕ್ ಕಳಿಸದೇ ಇರಬಹುದಿತ್ತು. ಕಳಿಸಿದ ಲಿಂಕ್ ತೆರೆದರೆ ಅಲ್ಲಿ ನನ್ನ ತಮ್ಮನ ಬದಲು ಅದೇ ಹೆಸರಿನ ಬೇರೊಬ್ಬ ಕೈದಿ ಕುಳಿತು ನಮ್ಮವ್ವನನ್ನು ‘ಯವ್ವಾ’ ಎಂದು ಕರೆಯಬಹುದಿತ್ತು. ನಮ್ಮ ಸೀಮೆಯಲ್ಲಿ ಆ ಹೆಸರಿನವರು ಓಣಿಗೊಬ್ಬರಾದರೂ ಸಿಗುತ್ತಾರೆ. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ಬಸ್ಸು ದಾರಿಯಲ್ಲಿ ಕೆಡಬಹುದಿತ್ತು. ಆಧಾರ್ ಕಾರ್ಡಿನ ಫೋಟೊದಲ್ಲಿರುವವನು ನಾನಲ್ಲ ಎಂದು ಅವರು ತಕರಾರು ತೆಗೆಯಬಹುದಿತ್ತು, ಆ ಬಗ್ಗೆ ನನಗೇ ಅನುಮಾನವಿದೆ. ಅವ್ವ ಅಳಬಹುದಿತ್ತು. ಅವ್ವನ ಅಳು ಕೇಳಿ ಓಣಿಯವರು ಬಂದು ಕುಳಿತು, ಅವರಿಗೆ ಚಹಾ ಮಾಡುವುದರಲ್ಲೇ ಹೊತ್ತು ಮುಗಿದುಹೋಗಬಹುದಿತ್ತು.

ಇಷ್ಟನ್ನೂ ನಾನು ಮುಲಾಕಾತಿನ ಹಿಂದಿನ ವಾರವೇ ಚಿಂತಿಸಿ ಮುಗಿಸಿದ್ದೆ. ಅನ್ನ ಬಿಟ್ಟು ಫೋನ್ ನೋಡುತ್ತ ಕುಳಿತ ನನ್ನನ್ನು ಕಂಡು ಹೆಂಡತಿ ಕೇಳಿದಳು: “ಒಳಗ ಹಾಕಿದ್ದು ಅವರನ್ನೋ, ನಿಮ್ಮನ್ನೋ?”

ಒಳಗಿದ್ದವನು ತಮ್ಮ. ಜಂಟಿ ಬಾವಿಯ ನೀರಿನ ಪಾಳಿಗಾಗಿ ಪಕ್ಕದ ಹೊಲದವನ ಜೊತೆ ಮಾತಿಗೆ ಮಾತು ಬೆಳೆದು, ಇವನು ಸಲಿಕೆಯ ಕಾವು ಬೀಸಿದ್ದ. ಪೆಟ್ಟು ತಿಂದವನು ಈಗ ಆರಾಮಾಗಿ ಓಡಾಡಿಕೊಂಡಿದ್ದಾನೆ, ಎದುರಾದರೆ ನನಗೆ ನಮಸ್ಕಾರವನ್ನೂ ಮಾಡುತ್ತಾನೆ. ಜಾಮೀನು ಮಾತ್ರ ಇನ್ನೂ ನಡೆದು ಬರುತ್ತಿದೆ. ಅಷ್ಟರಲ್ಲಿ ಬಸವಕಲ್ಯಾಣದಲ್ಲಿ ಅವ್ವನ ಜೊತೆಗಿದ್ದ ತಮ್ಮನ ಹೆಂಡತಿಗೆ ಕಾಮಾಲೆ ಬಂತು. ಕಾಮಾಲೆ ಇಳಿಯಿತು, ನಿಶ್ಶಕ್ತಿ ಇಳಿಯಲಿಲ್ಲ. ದೂರದ ಜೈಲಿನ ತನಕ ಬಸ್ಸಿನಲ್ಲಿ ಕೂರುವುದು ಅವಳಿಂದಾಗದ ಮಾತು.

ಜೈಲಿನ ಫೋನಿನಿಂದ ತಮ್ಮ ಮಾತಾಡಿದಾಗಲೆಲ್ಲ ಅವಳು “ಆರಾಮ ಅದೀನ್ರಿ” ಎನ್ನುತ್ತಿದ್ದಳು. ಅವನು ನಂಬುತ್ತಿರಲಿಲ್ಲ.

“ಆರಾಮ ಅಂತ ಸಾಯೋರು ಸುದ್ದಾ ಹೇಳ್ತಾರ ಅಣ್ಣಾ,” ಎಂದ ನನಗೆ. “ಕಾಮಾಲಿ ಕಣ್ಣಾಗ ಕಾಣಸ್ತೈತಿ, ಮಾತಿನ್ಯಾಗಲ್ಲ. ಒಮ್ಮೆ ಆಕಿ ಮುಖ ತೋರಸು. ನೋಡೋತನಕ ನನಗ ತುತ್ತ ಇಳಿಯಂಗಿಲ್ಲ.”

ಅವನು ಸರಿಯಾಗಿ ಉಣ್ಣುತ್ತಿಲ್ಲ ಎಂದು ವಕೀಲರೂ ಹೇಳಿದ್ದರು. ಹಾಗಾಗಿ ವಿಡಿಯೊ ಮುಲಾಕಾತು, ಅಂದರೆ ಫೋನಿನಲ್ಲೇ ಕೈದಿಯ ಭೇಟಿ. ನನ್ನ ಹೆಸರಿನಲ್ಲಿ ಅರ್ಜಿ ಹಾಕಿ, ಜೊತೆಗೆ ಅವ್ವ ಮತ್ತು ತಮ್ಮನ ಹೆಂಡತಿಯ ಹೆಸರು ಸೇರಿಸಿ, ಒಟಿಪಿ ಬರುವ ಮುನ್ನವೇ ಬರಲಿಲ್ಲವೆಂದು ಗಾಬರಿಯಾಗಿ, ಕೊನೆಗೂ ಮಂಜೂರಿ ಪಡೆದೆ.

ಹಿಂದಿನ ದಿನವೇ ಬಸವಕಲ್ಯಾಣಕ್ಕೆ ಹೋಗಿ, ಬಾವಿಗೆ ಜಾಗ ನೋಡುವವನಂತೆ ಫೋನ್ ಮುಂದೆ ಹಿಡಿದು ಮನೆಯೆಲ್ಲ ತಿರುಗಿದೆ. ಕಲ್ಲುಗೋಡೆಯ ಮನೆ, ಸಿಗ್ನಲ್ ಬಂದದ್ದು ಅಡುಗೆಮನೆಯ ಕಿಟಕಿಯ ಹತ್ತಿರ ಮಾತ್ರ. ಅಲ್ಲಿ ತಮ್ಮನ ಹೆಂಡತಿ ಕೂರಬೇಕಾದ ಜಾಗದಲ್ಲಿ ತೊಗರಿಯ ಚೀಲ ನಿಲ್ಲಿಸಿ, ಬೆಳಕು ಸರಿಯಾಗಿ ಬೀಳುತ್ತದೆಯೇ ಎಂದು ಕ್ಯಾಮೆರಾದಲ್ಲಿ ನೋಡಿದೆ. ಚೀಲ ಬಹಳ ಚೆನ್ನಾಗಿ ಕಂಡಿತು. ಅದರ ಮೇಲೆ ಬರೆದ ಅಕ್ಷರ ಕೂಡ ಓದಲು ಬರುತ್ತಿತ್ತು.

“ಚೀಲಕ್ಕ ಪೌಡರ್ ಹಚ್ಚಲೇನೋ?” ಎಂದಳು ಅವ್ವ.

ಮರುದಿನ ಎಲ್ಲವೂ ನಾನು ಅನುಮಾನಪಡುವಷ್ಟು ಸುಸೂತ್ರವಾಗಿ ನಡೆಯಿತು. ಕರೆಂಟ್ ಇತ್ತು. ಲಿಂಕ್ ಬಂತು, ತೆರೆಯಿತು. ಜೈಲಿನ ಸಿಬ್ಬಂದಿಯೊಬ್ಬರು ಕಾಣಿಸಿಕೊಂಡು ನನ್ನ ಮುಖವನ್ನೂ ಕಾರ್ಡನ್ನೂ ನೋಡಿ, ಎರಡರಲ್ಲೂ ದೋಷ ಹಿಡಿಯದೆ ಒಪ್ಪಿಕೊಂಡರು. ಅವ್ವ ಅಳುವ ಬದಲು ಅವರಿಗೆ “ನಮಸ್ಕಾರ್ರೀ ಸಾಹೇಬ್ರ, ಚಾ ಆತೇನ್ರಿ?” ಎಂದಳು. ಆಮೇಲೆ ತಮ್ಮ ಬಂದು ಕುಳಿತ. ನಮ್ಮ ತಮ್ಮನೇ. ಸೊರಗಿದ್ದ, ಆದರೆ ಅವನೇ.

ಅವ್ವನ ಮಾತು ಮುಗಿದ ಮೇಲೆ ನಾನು ಫೋನನ್ನು ತಮ್ಮನ ಹೆಂಡತಿಯತ್ತ ತಿರುಗಿಸಿದೆ. ತಮ್ಮ ಮುಂದಕ್ಕೆ ಬಾಗಿದ, ಕಣ್ಣು ಕಿರಿದು ಮಾಡಿದ.

“ಅಣ್ಣಾ, ಬರೇ ಸೀರಿ ಕಾಣಸಾಕತ್ತೈತಿ. ಮುಖ ಎಲ್ಲಿ?”

ಬೆಳಕಿನ ದೋಷವೆಂದುಕೊಂಡು ಕಿಟಕಿಯ ಇನ್ನೊಂದು ಬಾಗಿಲನ್ನೂ ತೆರೆದೆ. ಈಗ ಸೀರೆಯ ಅಂಚಿನ ಹೂವುಗಳೂ ಸ್ಪಷ್ಟವಾದವು. ಅವಳು ಸೆರಗನ್ನು ಮೂಗಿನ ತನಕ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಕುಳಿತಿದ್ದಳು.

“ಜರಾ ಈ ಕಡೆ ನೋಡವಾ,” ಎಂದು ನಾನು ಫೋನನ್ನು ಇನ್ನಷ್ಟು ಹತ್ತಿರ ಒಯ್ದೆ. ಸೆರಗು ಗದ್ದದ ತನಕ ಇಳಿಯಿತು.

“ಕಣ್ಣ ತೋರಸಲಾರದಂಗ ಏನಾಗೈತಿ?” ತಮ್ಮನ ದನಿ ಏರಿತು. “ಹಳದಿ ಹೋಗಿಲ್ಲ, ಹೌದಲ್ಲೋ? ನನ್ನ ಮುಂದ ಖರೇ ಹೇಳ್ರಿ!”

“ಲೇ, ನಿನ್ನ ಹೆಂಡತಿ ಆರಾಮ ಅದಾಳ,” ಎಂದಳು ಅವ್ವ. ಆಮೇಲೆ ನನ್ನ ಕಡೆ ತಿರುಗಿದಳು. “ನೀ ಎದ್ದ ಹೊರಗ ನಡಿ.”

“ನಾ ಯಾಕ?”

“ಭಾವನ ಮುಂದ ಆಕಿ ಎಂದರ ಸೆರಗ ತೆಗದಾಳೇನೋ? ಮದುವಿ ಆದಾಗಿಂದ ಆಕಿ ಮುಖ ನೀ ನೋಡೀಯೇನು?”

ನೋಡಿರಲಿಲ್ಲ. ಗಂಡನ ಅಣ್ಣನ ಎದುರು ನಮ್ಮ ಮನೆಯ ಸೊಸೆಯರು ಮುಖ ತೋರಿಸುವುದಿಲ್ಲ, ನೇರ ಮಾತೂ ಆಡುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆಗಬಹುದಾದ ತೊಂದರೆಗಳನ್ನೆಲ್ಲ ಎಣಿಸುವಾಗ ಎಣಿಸುವವನನ್ನು ಮಾತ್ರ ಹೊರಗಿಟ್ಟಿದ್ದೆ.

“ಅರ್ಜಿ ನನ್ನ ಹೆಸರಿನ್ಯಾಗ ಐತಿ ಯವ್ವಾ,” ಎಂದೆ. “ನಾ ಎದ್ದ ಹೋದ್ರ ಬಂದ್ ಮಾಡಿಬಿಟ್ರ?”

“ಅಣ್ಣಾ, ನಿನ್ನ ಮುಖ ನಾ ಹುಟ್ಟಿದಾಗಿಂದ ನೋಡೇನಿ,” ಎಂದ ತಮ್ಮ. “ಅದು ಸಾಕು.”

ಅವನ ಹಿಂದಿನಿಂದ ಸಿಬ್ಬಂದಿಯವರ ದನಿ ಬಂತು. “ಹೋಗ್ರಿ ಯಜಮಾನ್ರ, ನಮ್ಮದೇನ ತಕರಾರಿಲ್ಲ. ಟೈಮ್ ಹೊಂಟೈತಿ ನೋಡ್ರಿ.”

ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿ ಅಂಗಳಕ್ಕೆ ಬಂದೆ. ಫೋನು ಜಾರೀತೆಂದು ಹಿಂದಿರುಗಿ ನೋಡಬೇಕೆನಿಸಿತು, ನೋಡಲಿಲ್ಲ. ಒಳಗಿನ ಮಾತು ಅಂಗಳಕ್ಕೆ ಕೇಳುತ್ತಿತ್ತು.

“ಕಣ್ಣಿನ ಕೆಳಗ ಎಳಿ,” ಎಂದ ತಮ್ಮ. “ಇನ್ನೂ ಜರಾ. ಹಾಂ... ಬೆಳ್ಳಗ ಅವ.”

“ಹೇಳಿದ್ದಿಲ್ಲೇನ್ರಿ?”

“ನಾಲಗಿ ತೋರಸು.”

“ನೀವೇನ ಡಾಕ್ಟರೇನ್ರಿ?” ಎಂದು ಅವಳು ನಕ್ಕಳು. ಅವಳ ನಗುವನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ದನಿ ತಗ್ಗಿತು. “ನೀವ್ಯಾಕ ಹಿಂಗ ಆಗೀರಿ? ಇವತ್ತರ ಉಣ್ತೀರಿಲ್ಲೋ?”

“ಉಣ್ತೀನಿ. ಈಗ ಉಣ್ತೀನಿ.”

ಅಷ್ಟರಲ್ಲಿ ಸಮಯ ಮುಗಿದು ಫೋನು ಸುಮ್ಮನಾಯಿತು.

ಅವಳು ಹೊಸ್ತಿಲ ತನಕ ಬಂದಳು, ಸೆರಗು ಮತ್ತೆ ಮೂಗಿನ ತನಕ ಬಂದಿತ್ತು. ಫೋನನ್ನು ಅವ್ವನ ಕೈಗೆ ಕೊಟ್ಟು ಹೇಳಿದಳು: “ಅತ್ತಿ, ಭಾವನವರಿಗೆ ಹೇಳ್ರಿ, ಭಾಳ ಉಪಕಾರ ಆತಂತ. ಮುಂದಿನ ಸಲಾನೂ ಅವರೇ ಬುಕ್ ಮಾಡ್ಲಿ ಅಂತ ಹೇಳ್ರಿ. ಮತ್ತ... ಮೊದಲಿಂದನ ಅಂಗಳದಾಗ ಕುಂದರ್ಲಿ ಅಂತ ಹೇಳ್ರಿ.”

ನಾನು ನಿಂತಿದ್ದು ಅವಳಿಂದ ಒಂದು ಮಾರು ದೂರದಲ್ಲಿ. ಅವ್ವ ನನ್ನ ಕಡೆ ತಿರುಗಿ ಅಷ್ಟನ್ನೂ ಮತ್ತೆ ಮೊದಲಿನಿಂದ ಹೇಳಿದಳು. ನಾನೂ ಆಗಷ್ಟೇ ಕೇಳಿದವನಂತೆ ತಲೆಯಾಡಿಸಿದೆ.