ದಪ್ಪಕ್ಷರಕ್ಕೆ ಚೌಡವ್ವನ ಹೆಸರು

ಸವಣೂರಿನ ಆ ಪ್ರೆಸ್ಸನ್ನು ನೆನೆದರೆ ನನಗೆ ಇವತ್ತಿಗೂ ಹೇಸಿಗೆಯಾಗುತ್ತದೆ. ಅಲ್ಲಿ ಅಚ್ಚಿನ ಮಶೀನು ತುಳಿಯುತ್ತಿದ್ದವನು ನಾನು. ಶಾಯಿ ತೊಳೆದರೆ ಹೋಗುತ್ತಿತ್ತು, ಅಲ್ಲಿಯ ನಗೆ ಮಾತ್ರ ಹೋಗಿಲ್ಲ.

ಎಪ್ಪತ್ತೆಂಟನೇ ಇಸವಿಯ ಮಾತು. ಪ್ರೆಸ್ಸಿಗೆ ಅಚ್ಚಿನ ಮೊಳೆಗಳು, ಅಂದರೆ ಸೀಸದ ಬಿಡಿ ಅಕ್ಷರಗಳು, ಎರಡು ಫೌಂಡ್ರಿಗಳಿಂದ ಬರುತ್ತಿದ್ದವು. ಒಂದೇ ಬಗೆಯ ಅಕ್ಷರಕ್ಕೆ ಇವರದೊಂದು ಹೆಸರು, ಅವರದೊಂದು ಹೆಸರು. ಗೊಂದಲ ಬೇಡವೆಂದು ಮಾಲೀಕ ಚನ್ನವೀರಪ್ಪ ತನ್ನದೇ ಹೆಸರುಗಳನ್ನಿಟ್ಟು, ಮೊಳೆ ತುಂಬಿದ ಮರದ ಕೇಸುಗಳ ಮೇಲೆ ಸುಣ್ಣದಲ್ಲಿ ಬರೆಸಿದ್ದ. ತೆಳ್ಳಗಿನದು ‘ಸೊಳ್ಳಿ’. ಶಾಲೆಯ ಪ್ರಶ್ನೆಪತ್ರಿಕೆಗೆ ಬಳಸುವುದು ‘ಮಾಸ್ತರ’. ಎಲ್ಲಕ್ಕಿಂತ ದಪ್ಪಗಿನ ಕಪ್ಪು ಅಕ್ಷರ ‘ಚೌಡವ್ವ’.

ಚೌಡವ್ವ ಅಲ್ಲೇ ಕೆಲಸಕ್ಕಿದ್ದವಳು. ಅಚ್ಚಾದ ಮೇಲೆ ಮೊಳೆಗಳನ್ನು ಬಿಚ್ಚಿ ಅವುಗಳ ಖಾನೆಗೆ ಹಾಕುವುದು ಅವಳ ಕೆಲಸ. ಗಂಡ ಸತ್ತವಳು, ದೊಡ್ಡ ಮೈಕಟ್ಟು, ಕಪ್ಪು ಬಣ್ಣ. ಮಾಲೀಕನೆಂಬ ಆ ದೊಡ್ಡ ಮನುಷ್ಯನಿಗೆ ಅಷ್ಟೇ ಸಾಕಾಯಿತು. “ಹೆಡ್ಡಿಂಗಿಗೆ ಚೌಡವ್ವನ್ನ ಕುಂದ್ರಸು,” ಎಂದು ಗಿರಾಕಿಗಳ ಮುಂದೆಯೇ ಕೂಗುತ್ತಿದ್ದ.

ಮಗಳು ಮಂಜವ್ವನಿಗೆ ತಡಸದಲ್ಲಿ ಸಂಬಂಧ ಗೊತ್ತಾದಾಗ ಚೌಡವ್ವ ಅವನ ಮುಂದೆ ನಿಂತಳು.

“ಸಾವ್ಕಾರ್ರ, ಲಗ್ನಪತ್ರಿಕಿ ನೋಡಾಕ ಬೀಗರು ಇಲ್ಲೇ ಬರ್ತಾರ. ಅಷ್ಟರಾಗ ಆ ಹೆಸರು ಅಳಿಸ್ರಿ. ಹುಡುಗಿ ಆ ಮನ್ಯಾಗ ಬಾಳೇವು ಮಾಡಬೇಕು.”

“ಅಳಿಸಿದ್ರ ಕೆಲಸ ಹೆಂಗ ನಡೀಬೇಕ? ಎಲ್ಲಾರ ಬಾಯಿಗೂ ರೂಢಿ ಆಗೇತಿ,” ಎಂದು ಅವನು ಎಲೆಅಡಿಕೆ ಉಗುಳಿದ.

ಬೀಗ ಗಿರಿಯಪ್ಪ ಬಂದ. ಕರಡು ನೋಡಿ, ಮಗನ ಹೆಸರು ಇನ್ನೂ ದಪ್ಪಗಿರಲಿ ಎಂದ.

“ಹಂಗಾರ ಚೌಡವ್ವನ್ನ ಹಾಕ್ತೇನ್ರಿ,” ಎಂದ ಮೊಳೆ ಜೋಡಿಸುವ ಮೈಲಾರಪ್ಪ, ರೂಢಿಯಂತೆ.

“ಯಾ ಚೌಡವ್ವ?”

ಚನ್ನವೀರಪ್ಪ ಮೊದಲು ಕೇಸನ್ನು ತೋರಿಸಿದ, ಆಮೇಲೆ ಮೂಲೆಯಲ್ಲಿ ಕುಳಿತವಳನ್ನು. “ನೋಡ್ರಿ, ಕರ್ರಗ, ದಪ್ಪಗ. ಒಮ್ಮೆ ಕುಂತ್ರ ಮಗ್ಗಲಕ ಯಾರಿಗೂ ಜಾಗ ಇಲ್ಲ.”

ಗಿರಿಯಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡು, “ಮಗಳು ತೆಳ್ಳಗದಾಳಲ್ಲ, ನಮ್ಮ ಪುಣ್ಯೇವು,” ಎಂದ. ಥೂ! ನಾಳೆ ಬೀಗಿತ್ತಿಯಾಗುವವಳ ಮುಂದೆ ಆಡುವ ಮಾತೇ ಅದು? ನಾನು ಮಶೀನು ನಿಲ್ಲಿಸಿದೆ.

ಚೌಡವ್ವ ಎದ್ದು ಬಂದಳು. ಧ್ವನಿ ಏರಿಸಲಿಲ್ಲ.

“ನನ್ನ ಎದುರಿಗೇ ಹಿಂಗ ನಗಾವ್ರು, ನಾಳೆ ನನ್ನ ಮಗಳನ್ನ ಹೆಂಗ ಇಟ್ಕೊಂತೀರಿ? ಹುಡುಗಿ ಕೊಡಂಗಿಲ್ರಿ. ಊರಿಗೆ ಹೋಗ್ರಿ.”

ಗಿರಿಯಪ್ಪ ಬಾಯಿಗೆ ಬಂದಂತೆ ಬೈಯುತ್ತ ಚಪ್ಪಲಿ ಮೆಟ್ಟಿಕೊಂಡು ಹೋದ. ಚನ್ನವೀರಪ್ಪನಿಗೆ ಆಗಲೂ ತನ್ನ ಕೆಲಸದ್ದೇ ಚಿಂತೆ.

“ಜೋಡಿಸಿದ್ದೆಲ್ಲಾ ದಂಡ ಆತು. ಈಗ ಇದನ್ನ ಯಾರು ಬಿಚ್ಚಬೇಕ?”

“ಅದು ನನ್ನ ಕೆಲಸರಿ,” ಎಂದು ಚೌಡವ್ವ ಲಗ್ನಪತ್ರಿಕೆಯ ಮೊಳೆಗಳನ್ನು ಮುಂದಕ್ಕೆ ಎಳೆದುಕೊಂಡು ಕುಳಿತಳು. ವರನ ಹೆಸರನ್ನು ಮೊದಲು ಬಿಚ್ಚಿ, ಒಂದೊಂದೇ ಅಕ್ಷರವನ್ನು ಅದರ ಖಾನೆಗೆ ಹಾಕಿದಳು. ಮಗಳ ಹೆಸರು ಬಂದಾಗ ಕೈ ನಿಂತಿತು. ಸೆರಗಿನ ತುದಿಯಿಂದ ಅದರ ಮೇಲಿನ ಶಾಯಿ ಒರೆಸಿ, ಅದನ್ನೂ ಬಿಚ್ಚಿದಳು.