ಭೇಲೂಪುರದ ಭಾನುವಾರದ ಜಗಳಗಳು

ಬನಾರಸ್ಸಿನಲ್ಲಿ ನನಗೆ ಬಿದ್ದ ಮೊದಲ ಬೈಗುಳಕ್ಕೆ ಕಾರಣ ಒಂದು ಹಳೆಯ ಜಪಾನೀ ಸಿನಿಮಾ. ಬೈದವರು ಒಬ್ಬ ನಿವೃತ್ತ ಮೇಷ್ಟ್ರು. ಊರಿಗೆ ಬಂದು ಆಗಷ್ಟೇ ಒಂಬತ್ತು ದಿನವಾಗಿತ್ತು. ಸ್ನಾನಗೃಹ ನಡೆಸಿ ಬದುಕುವ ಒಬ್ಬ ವಿಧವೆಯ ಕಥೆ ಅದು. ಚಿತ್ರ ಮುಗಿದು ದೀಪ ಹೊತ್ತಿದ ಮೇಲೆ, ಊರಿನ ಭೇಲೂಪುರ ಬಡಾವಣೆಯ ಆ ಸಿನಿಮಾ ಕೂಟದವರು ಎಲ್ಲರ ಅಭಿಪ್ರಾಯ ಕೇಳಿದರು. ಹೊಸಬಳೆಂದು ನನ್ನನ್ನೂ ಕೇಳಿದರು. ‘ಚೆನ್ನಾಗಿದೆ, ಸ್ವಲ್ಪ ನಿಧಾನವಾಯಿತು’ ಎಂದೆ, ನನ್ನ ಹರಕು ಹಿಂದಿಯಲ್ಲಿ.

ಮೊದಲ ಸಾಲಿನ ಮೇಷ್ಟ್ರು ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದರು. "ನಿಧಾನ ಇರೋದು ಸಿನಿಮಾ ಅಲ್ಲ ಮೇಡಂ, ನಿಮ್ಮ ತಲೆ. ಮದ್ರಾಸಿನ ಕಡೆಯವರಿಗೆ ಹೀರೋ ಹತ್ತು ಜನರನ್ನ ಗಾಳಿಗೆ ಹಾರಿಸದಿದ್ದರೆ ಎಲ್ಲವೂ ನಿಧಾನವೇ."

ಆಮೇಲೆ ಸೇರಿಸಿದ ಒಂದು ಪದವನ್ನು ಇಲ್ಲಿ ಬರೆಯಲಾರೆ. ಇಪ್ಪತ್ತು ಜನ ಗೊಳ್ಳೆಂದು ನಕ್ಕರು. ಯಾರೋ ನನ್ನ ಕೈಗೆ ಕುಲ್ಹಡ್ ಇಟ್ಟರು. ಕುಲ್ಹಡ್ ಅಂದರೆ ಮಣ್ಣಿನ ಚಹಾ ಲೋಟ. "ಕುಡೀರಿ ಮೇಡಂ. ಮಿಶ್ರಾಜಿ ಬೈದರು ಅಂದ್ರೆ ನೀವು ಒಳಗೆ ಬಂದಿರಿ ಅಂತ ಅರ್ಥ" ಎಂದರು. ಈ ಊರಿನಲ್ಲಿ ಬೈಗುಳವೆಂದರೆ ಪ್ರೀತಿ ಎಂದು ಆಮೇಲೆ ಹತ್ತಾರು ಜನ ನನಗೆ ವಿವರಿಸಿದ್ದಾರೆ. ಬೈಯುವವರಿಗೆ ಹಾಗೆನ್ನಿಸಬಹುದು. ಬೈಸಿಕೊಂಡವಳಿಗೆ ಬೈಗುಳ ಬೈಗುಳವೇ.

ನಾನು ಹುಬ್ಬಳ್ಳಿಯವಳು. ಕೀಲುನೋವಿನವರಿಗೆ, ಪಾರ್ಶ್ವವಾಯು ಬಡಿದವರಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿ ನನ್ನ ಕಸುಬು. ಗಂಡನಿಂದ ಬೇರೆಯಾದ ಮೇಲೆ ಊರಿನ ಪ್ರತಿ ತಿರುವಿನಲ್ಲೂ ‘ಯಾಕ ಬಿಟ್ಟಿ?’ ಎನ್ನುವ ಒಂದೇ ಪ್ರಶ್ನೆ. ಭೇಲೂಪುರದ ಒಂದು ಕ್ಲಿನಿಕ್ಕಿನಲ್ಲಿ ಕೆಲಸವಿದೆ ಎಂದು ಗೊತ್ತಾದಾಗ ಅದು ಎಷ್ಟು ದೂರ ಎಂದು ನಾನು ಕೇಳಲಿಲ್ಲ. ದೂರ ಇದ್ದಷ್ಟೂ ಒಳ್ಳೆಯದೇ ಆಗಿತ್ತು.

ಬಿಟ್ಟು ಬರಲು ಬೇಸರವಾದದ್ದು ಒಂದೇ ವಿಷಯಕ್ಕೆ. ಗೆಳತಿ ಶೈಲಜಾ ಮತ್ತು ನಾನು ಸೇರಿ ಕಟ್ಟಿದ ಸಿನಿಮಾ ಬಳಗ ಅದು. ಹುಬ್ಬಳ್ಳಿಯ ಒಂದು ಶಾಲೆಯ ಸಭಾಂಗಣದಲ್ಲಿ ಹದಿನೆಂಟು ವರ್ಷ ಪ್ರತಿ ಶನಿವಾರ ಸಂಜೆ ದೇಶವಿದೇಶದ ಹಳೆಯ ಸಿನಿಮಾ ನೋಡಿದ್ದೇವೆ. ಅಲ್ಲಿ ಜಗಳವೇ ಇರಲಿಲ್ಲ. ‘ಛಲೋ ಐತ್ರಿ, ಆದ್ರ…’ ಎಂದು, ‘ಆದ್ರ’ದ ಮುಂದಿನದನ್ನು ನುಂಗಿಕೊಂಡು, ಚುರುಮುರಿ ತಿಂದು ಮನೆಗೆ ಹೋಗುವುದು ನಮ್ಮ ರಿವಾಜು. ಇಲ್ಲಿನವರು ತಮ್ಮ ಜಗಳಕ್ಕೆ ಬಹಸ್ ಎನ್ನುತ್ತಾರೆ. ವಾದ ಎಂದು ಅದರ ಅರ್ಥ. ಆದರೆ ಇವರ ಬಹಸ್‌ನಲ್ಲಿ ಗೆಲ್ಲುವವರು ಯಾರೂ ಇಲ್ಲ, ಸುಸ್ತಾದವನು ಪಾನ್ ಹಾಕಿಕೊಳ್ಳುತ್ತಾನೆ ಅಷ್ಟೆ.

ಮನೆ ಸಿಕ್ಕಿದ್ದು ಪಕ್ಕದ ಶಿವಾಲ ಎಂಬ ಕೇರಿಯಲ್ಲಿ. ಯಾತ್ರಿಕರಿಗೆ ಪಿಂಡ, ಪೂಜೆ ಮಾಡಿಸುವ ಕನ್ನಡದ ಭಟ್ಟರ ಮನೆಯ ಮಹಡಿ. ಕನ್ನಡದವರು ಎಂದು ಖುಷಿಯಿಂದ ಹೋದೆ. ಭಟ್ಟರು ಮೊದಲ ದಿನವೇ ಷರತ್ತು ಹಾಕಿದರು. "ನೋಡಿಮ್ಮಾ, ಟಂಕಿ ನೀರು ಬೆಳಿಗ್ಗೆ ಮಾತ್ರ. ಮೊಟ್ಟೆ-ಗಿಟ್ಟೆ ಬಿಲ್ಕುಲ್ ಇಲ್ಲ. ಸಿನಿಮಾ-ಗಿನಿಮಾ ಜೋರಾಗಿ ಹಾಕಬಾರದು, ಜಜಮಾನರು ಬರ್ತಾ ಇರ್ತಾರೆ." ಜಜಮಾನರು ಎಂದರೆ ಪೂಜೆ ಮಾಡಿಸುವ ಗಿರಾಕಿಗಳು. ಅವರ ಮಕ್ಕಳಿಗೆ ನಾನು ಕನ್ನಡದಲ್ಲಿ ಏನು ಕೇಳಿದರೂ ಹಿಂದಿಯಲ್ಲೇ ಉತ್ತರ. ಜೋಳದ ಹಿಟ್ಟು ಹುಡುಕಿ ಮೂರು ಗಲ್ಲಿ ಅಲೆದೆ. ಸಿಕ್ಕಿದ್ದು ಮೆಕ್ಕೆಜೋಳದ್ದು. ರೊಟ್ಟಿ ತಟ್ಟಿದರೆ ಅಂಗೈಯಲ್ಲೇ ಮುರಿಯಿತು. ಅವತ್ತು ಅಡುಗೆಮನೆಯಲ್ಲಿ ಕೂತು ಈ ಊರನ್ನು ಮನಸಾರೆ ಶಪಿಸಿದೆ.

ಆದರೂ ಮುಂದಿನ ಭಾನುವಾರ ಭೇಲೂಪುರಕ್ಕೆ ಹೋದೆ. ಸಿನಿಮಾ ನಡೆಯುತ್ತಿದ್ದದ್ದು ಒಂದು ಕೋಚಿಂಗ್ ಕ್ಲಾಸಿನ ಕೋಣೆಯಲ್ಲಿ, ಅದನ್ನು ರಜೆಯ ದಿನ ಸಿನಿಮಾದವರಿಗೆ ಬಿಟ್ಟುಕೊಡುತ್ತಿದ್ದರು. ಮಿಶ್ರಾಜಿಗೆ ಎದುರುತ್ತರ ಕೊಡಬೇಕೆಂಬ ಒಂದೇ ಹಟ ನನಗೆ. ಆ ಹಟಕ್ಕೇ ನನ್ನ ಹಿಂದಿ ಸುಧಾರಿಸಿತು ಎನ್ನಬೇಕು. ಪೋಲೆಂಡಿನ ಒಂದು ಚಿತ್ರದ ಬಗ್ಗೆ ನಾಲ್ಕು ವಾಕ್ಯ ತಪ್ಪಿಲ್ಲದೆ ಹೇಳಿದ ದಿನ ಗೆದ್ದೆ ಅಂದುಕೊಂಡೆ. ಮಿಶ್ರಾಜಿ ಅಂದರು: "ವ್ಯಾಕರಣ ಸರಿಯಾಯಿತು. ಇನ್ನು ವಿಚಾರ ಯಾವಾಗ?"

ಒಂದು ದಿನ ತಡೆಯಲಾಗಲಿಲ್ಲ. "ನಮ್ಮ ಕಡೆ ಎಂಥ ಸಿನಿಮಾ ಮಾಡಿದ್ದಾರೆ ಅಂತ ಒಂದಾದರೂ ನೋಡಿದ್ದೀರಾ? ಹಂಗೇರಿ ಗೊತ್ತು, ಇರಾನ್ ಗೊತ್ತು. ಕರ್ನಾಟಕ ಗೊತ್ತಿಲ್ಲ" ಎಂದೆ.

"ತೋರಿಸಿ" ಎಂದರು ಅವರು. "ಆರು ವಾರ ಟೈಮ್ ತಗೊಳ್ಳಿ. ಕೆಟ್ಟದಾಗಿದ್ದರೆ ಇನ್ನು ಮುಂದೆ ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿ ಕೂರಬೇಕು."

ನನ್ನ ಹತ್ತಿರ ಒಂದು ಹಳೆಯ ಕಪ್ಪುಬಿಳುಪು ಕನ್ನಡ ಚಿತ್ರವಿತ್ತು. ಹಳ್ಳಿಯ ಛತ್ರದಲ್ಲಿ ಪಾತ್ರೆ ತೊಳೆದು ಮಗನನ್ನು ಬೆಳೆಸುವ ಹೆಂಗಸಿನ ಕಥೆ. ಅದಕ್ಕೆ ಅಡಿಬರಹ ಇರಲಿಲ್ಲ. ಪ್ರತಿ ಮಾತನ್ನೂ ಹಿಂದಿಗೆ ತಂದು, ಪರದೆಯ ಪಕ್ಕ ನಿಂತು ಓದುವುದೆಂದು ತೀರ್ಮಾನಿಸಿದೆ. ಕ್ಲಿನಿಕ್ಕಿನಿಂದ ಬಂದು ದಿನಾ ಸಂಜೆ ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದೆ.

ಮೂರನೆಯ ಸಂಜೆ ಬಾಗಿಲಲ್ಲಿ ಗೋದಕ್ಕ ನಿಂತಿದ್ದರು. ಭಟ್ಟರ ಮನೆಯ ಕೆಳಗಿನ ಕೋಣೆಯಲ್ಲಿದ್ದ ರೋಣದ ಕಡೆಯ ವಿಧವೆ ಅವರು. ಎಪ್ಪತ್ತು ದಾಟಿತ್ತು. ಕಾಶಿಯಲ್ಲೇ ದೇಹ ಬಿಡಬೇಕೆಂದು ಬಂದು ನಾಲ್ಕು ವರ್ಷವಾಗಿತ್ತು.

"ಯಾರೋ ಕನ್ನಡಾ ಮಾತಾಡಾಕತ್ತಾರಲ್ಲ ಅಂತ ಹತ್ತಿ ಬಂದೆವಾ. ಸಿನಿಮಾ ಏನು?"

"ಹೌದ್ರಿ ಅಕ್ಕಾರ. ಕೂಡ್ರಿ."

ಕೂತವರು ಆರು ವಾರವೂ ಏಳಲಿಲ್ಲ. ಹುಡುಗಿಯಾಗಿದ್ದಾಗ ಟೆಂಟಿನಲ್ಲಿ ಎರಡು ಸಿನಿಮಾ ನೋಡಿದ್ದರಂತೆ, ಅಷ್ಟೇ. ಪದ ಸಿಗದೆ ನಾನು ಒದ್ದಾಡುವಾಗ ಗಂಗೆಯ ಮೆಟ್ಟಿಲಲ್ಲಿ ಕಲಿತ ಹಿಂದಿಯಿಂದ ಒಂದು ಪದ ಎತ್ತಿ ಕೊಡುತ್ತಿದ್ದರು. ಅದು ಸರಿಯಾಗಿಯೇ ಕೂರುತ್ತಿತ್ತು.

ಪ್ರದರ್ಶನದ ದಿನ ಕೋಣೆ ತುಂಬಿತ್ತು. ಗೋದಕ್ಕನನ್ನೂ ರಿಕ್ಷಾದಲ್ಲಿ ಕರೆದೊಯ್ದೆ. ಎರಡು ಸಲ ನಿಲ್ಲಿಸಿ ಅರ್ಥ ಹೇಳಿದ್ದು ಬಿಟ್ಟರೆ ಅರ್ಧದವರೆಗೆ ಎಲ್ಲ ಸರಾಗ. ಆಮೇಲೆ ಆ ತಾಯಿ, ಮಗನ ಮನೆಯಿಂದ ಹೊರಡುವ ದೃಶ್ಯ ಬಂತು. ಹೊಸ್ತಿಲಲ್ಲಿ ನಿಂತು ಅವಳು ಸೊಸೆಗೆ ‘ಹೋಗ್ತೀನಿ’ ಅನ್ನುತ್ತಾಳೆ. ‘ಮೈಂ ಜಾತೀ ಹೂಂ’ ಎಂದು ಓದಿದೆ. ಯಾರ ಮುಖವೂ ಅಲುಗಲಿಲ್ಲ. ಚಿತ್ರ ನಿಲ್ಲಿಸಿ, ನಮ್ಮಲ್ಲಿ ಬಿಟ್ಟು ಹೊರಡುವವರು ‘ಹೋಗಿ ಬರ್ತೀನಿ’ ಅನ್ನುತ್ತಾರೆ, ಬರೀ ‘ಹೋಗ್ತೀನಿ’ ಅನ್ನುವುದು ಅಶುಭ ಎಂದು ವಿವರಿಸತೊಡಗಿದೆ.

"ಇದು ಮೂರನೇ ಸಲ ನಿಲ್ಲಿಸಿದ್ದು" ಎಂದರು ಮಿಶ್ರಾಜಿ. "ಸಿನಿಮಾ ತೋರಿಸ್ತೀರೋ, ಪ್ರವಚನ ಮಾಡ್ತೀರೋ? ಒಂದು ದೃಶ್ಯ ತಾನಾಗಿ ನಿಲ್ಲಲಾರದೆ ಹೋದರೆ ಅದು ನಿರ್ದೇಶಕನ ಸೋಲು."

"ಸೋಲು ಅವನದಲ್ಲ, ನಿಮ್ಮ ಕಿವಿಯದು. ಪಕ್ಕದ ಶಿವಾಲದಲ್ಲಿ ತಲೆಮಾರುಗಳಿಂದ ಈ ಭಾಷೆ ಆಡ್ತಿದ್ದಾರೆ. ಒಂದು ಪದವನ್ನಾದರೂ ಕೇಳಿಸಿಕೊಂಡಿದ್ದೀರಾ?"

"ಅಲ್ಲಿನವರೂ ನಮ್ಮದನ್ನ ಕೇಳಿಲ್ಲ. ಕೇಳಿದ್ದು ದಕ್ಷಿಣೆ ಮಾತ್ರ."

ಯಾರೋ ನಕ್ಕರು. ಆಗ ಹಿಂದಿನ ಬೆಂಚಿನಿಂದ ಗೋದಕ್ಕ ಎದ್ದರು. ತಮ್ಮ ಮೆಟ್ಟಿಲ ಹಿಂದಿಯಲ್ಲಿ, ಜೋರಿಲ್ಲದೆ ಮಾತಾಡಿದರು. "ನಾನೂ ಊರು ಬಿಟ್ಟಾಗ ಹಾಗೇ ಹೇಳಿ ಬಂದೆ ಬೇಟಾ. ಸೊಸೆ ಬಾಗಿಲಿಗೆ ಅಡ್ಡ ನಿಂತಳು. ಬರ್ತೀನಿ ಅನ್ರಿ ಅತ್ತೀ, ಬರ್ತೀನಿ ಅನ್ರಿ ಅಂತ ಸೆರಗು ಹಿಡಿದಳು. ನಾನು ಹೇಳಲಿಲ್ಲ. ಸುಳ್ಳು ಹೇಳಿ ಕಾಶಿಗೆ ಹೇಗೆ ಬರಲಿ?"

ಆಮೇಲೆ ಯಾರೂ ನಗಲಿಲ್ಲ. ಉಳಿದ ಚಿತ್ರವನ್ನು ನಿಲ್ಲಿಸದೆ ಓದಿದೆ.

ಮುಗಿದ ಮೇಲೆ ಮಿಶ್ರಾಜಿ ಮೊದಲು ಮಾತಾಡಿದರು. ಕ್ಷಮೆ ಕೇಳುತ್ತಾರೆ ಎಂದುಕೊಂಡಿದ್ದೆ. "ಕೊನೆಯ ಅರ್ಧ ಗಂಟೆ ಬರೀ ಅಳು. ಕ್ಯಾಮೆರಾ ಸೋಮಾರಿ. ಈ ಅಮ್ಮ ಎರಡು ನಿಮಿಷದಲ್ಲಿ ಹೇಳಿದ್ದು ಈ ಚಿತ್ರಕ್ಕಿಂತ ಒಳ್ಳೆಯ ಸಿನಿಮಾ" ಎಂದರು.

ನನಗೆ ಮೈ ಉರಿಯಿತು. ಗೋದಕ್ಕನ ಸಂಕಟವನ್ನು ತೆಗೆದು ವಿಮರ್ಶೆಗೆ ಸಾಕ್ಷಿ ಮಾಡಿಕೊಂಡರಲ್ಲ! "ನೀವು ಮನುಷ್ಯರಿಗೂ ಅಂಕ ಹಾಕ್ತೀರಿ" ಎಂದು ಕೂಗಿದೆ.

"ಅಂಕ ಹಾಕದೆ ಬಿಡೋದಕ್ಕೆ ದಯೆ ಅಂತಾರೆ. ದಯೆ ಬೇಕಿದ್ದರೆ ಹೆಣ ಸುಡುವ ಹರಿಶ್ಚಂದ್ರ ಘಾಟಿಗೆ ಹೋಗಿ, ಅಲ್ಲಿ ಯಾರನ್ನೂ ಫೇಲ್ ಮಾಡಲ್ಲ."

ಚೀಲ ಎತ್ತಿಕೊಂಡು ಹೊರಬಂದೆ. ಇನ್ನು ಈ ಕೋಣೆಗೆ ಕಾಲಿಡುವುದಿಲ್ಲ ಎಂದು ರಿಕ್ಷಾದಲ್ಲಿ ಗೋದಕ್ಕನ ಮುಂದೆ ಆಣೆ ಮಾಡಿದೆ. ಅವರು ಅಂದರು: "ಆ ಮನಶ್ಯಾ ಖರೇನ ಹೇಳಿದ ನೋಡವಾ. ಕಡೀಗೆ ಆಕಿ ಭಾಳ ಅತ್ತಳು. ಅಷ್ಟ ಯಾರೂ ಅಳಂಗಿಲ್ಲ. ನಾ ಏನ್ ಅತ್ತೇನೇನು?"

ಆಣೆಯಂತೆ ಮುಂದಿನ ಭಾನುವಾರ ನಾನು ಹೋಗಲಿಲ್ಲ. ಗೋದಕ್ಕ ಹೋದರು. ಬಿಳಿ ಸೀರೆ ಉಟ್ಟು, ಒಬ್ಬರೇ, ರಿಕ್ಷಾದವನ ಜೊತೆ ಚೌಕಾಸಿ ಮಾಡಿಕೊಂಡು. ಮಧ್ಯಾಹ್ನ ಬಂದು, ಇರಾನಿನಲ್ಲಿ ಬಾವಿ ತೋಡುವವನ ಸಿನಿಮಾ ಇತ್ತು, ನೀರು ಬೀಳುವ ಮೊದಲೇ ಮುಗಿಸಿಬಿಟ್ಟರು ಎಂದು ದೂರಿದರು. "ಅದಕ್ಕ ನಾ ಅವರಿಗೆ ಅಂದೆ, ನೀರ್ ತೋರಸಬೇಕಿತ್ತು ಅಂತ. ಮಿಶ್ರಾ ನನಗೂ ಬೈದಾ." ಹಾಗೆನ್ನುವಾಗ ಅವರ ಮುಖದಲ್ಲಿ ಇದ್ದದ್ದು ಹೆಮ್ಮೆ.

ನಾಲ್ಕು ವಾರ ಹೀಗೇ ನಡೆಯಿತು. ಕಾಶಿಗೆ ಸಾಯಲು ಬಂದ ಮುದುಕಿ ಜಗಳವಾಡಿ ಬರುತ್ತಿದ್ದರು, ಬದುಕಲು ಬಂದ ನಾನು ಮಹಡಿಯಲ್ಲಿ ಮುಖ ಊದಿಸಿಕೊಂಡು ಬಟ್ಟೆ ಒಣಹಾಕುತ್ತಿದ್ದೆ. ನನ್ನನ್ನು ಮತ್ತೆ ಅಲ್ಲಿಗೆ ಎಳೆದದ್ದು ಹೊಟ್ಟೆಕಿಚ್ಚು. ಐದನೆಯ ಭಾನುವಾರ ಹೋದೆ. ಮಿಶ್ರಾಜಿ ನೋಡಿದರೂ ನೋಡದಂತೆ ಇದ್ದರು. ನಾನೂ ಅಷ್ಟೆ. ಇಂದಿಗೂ ನಾವಿಬ್ಬರು ನಮಸ್ಕಾರ ಹೇಳುವುದಿಲ್ಲ. ಯಾವ ಚಿತ್ರ ನೋಡಬೇಕೆಂಬ ಸಲಹೆಗಳನ್ನು ಮಾತ್ರ ಚೀಟಿಯಲ್ಲಿ ಬರೆದು, ಮಧ್ಯೆ ಕೂತವರ ಕೈಯಲ್ಲಿ ದಾಟಿಸುತ್ತೇವೆ. ಅವರು ಹೇಳಿದ ಒಂದು ಚಿತ್ರವೂ ಕೆಟ್ಟದಾಗಿರಲಿಲ್ಲ. ಅದನ್ನು ಅವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ಕಳೆದ ಚಳಿಗಾಲದಲ್ಲಿ ಹುಬ್ಬಳ್ಳಿಯಿಂದ ಶೈಲಜಾ ಬಂದಳು. ಯಾತ್ರೆ ನೆಪ, ಅಸಲು ನನ್ನನ್ನು ನೋಡಲು. ಭಾನುವಾರ ಅವಳನ್ನೂ ಕರೆದುಕೊಂಡು ಹೋದೆ. ಅವತ್ತಿನ ಫ್ರೆಂಚ್ ಚಿತ್ರದ ಬಗ್ಗೆ ಅವಳು ಮೆಲ್ಲಗೆ ಏನೋ ಹೇಳಿದಳು. ‘ಇದು ಅಭಿಪ್ರಾಯ ಅಲ್ಲ, ಸಂತಾಪ ಸೂಚನೆ’ ಎಂದರು ಮಿಶ್ರಾಜಿ. ಹೊರಗೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು.

"ಏನ್ ಒರಟು ಮಂದಿನ ಇವರು! ಇವರಿಗೆ ಸಿನಿಮಾ ನೋಡಾಕ ಬರ್ತದೇನು? ಬರೇ ಒದರೂದು."

"ಬರ್ತದ" ಎಂದೆ, ಯೋಚಿಸದೆ. "ನಮಗಿಂತ ಛಲೋ ಬರ್ತದ. ಹದಿನೆಂಟು ವರ್ಷ ನಾವು ಚುರುಮುರಿ ತಿಂದ್ವಿ ಶೈಲಾ. ನನಗ ಒಂದು ಸಿನಿಮಾ ಹಿಡಿಸಿಲ್ಲ ಅಂತ ನಿನಗ ಎಂದಾರ ಹೇಳೇನೇನು?"

ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅವಳು ಏನೂ ಅನ್ನಲಿಲ್ಲ. ಹುಬ್ಬಳ್ಳಿಯವರು ಏನೂ ಅನ್ನದಿದ್ದರೆ ಅದು ದೊಡ್ಡ ಮಾತು ಎಂಬುದನ್ನು ನಾನಿನ್ನೂ ಮರೆತಿಲ್ಲ.

ಮರುದಿನ ಬೆಳಿಗ್ಗೆ ಸ್ಟೇಷನ್ನಿಗೆ ಬಿಡಲು ಹೋದೆ. ರೈಲು ತಡವಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಅವಳು ನೆಲ ನೋಡುತ್ತ ಹೇಳಿದಳು: "ನಿನ್ನ ಹಳೇ ದವಾಖಾನ್ಯಾಗ ಜಾಗಾ ಖಾಲಿ ಆಗೇತಿ. ಬಳಗದವರೂ ಎಲ್ಲಾರೂ ಕೇಳ್ತಾರ. ನಿನ್ನ ವಾಪಸ್ ಕರಕೊಂಡ್ ಹೋಗಬೇಕಂತ ಬಂದಿದ್ದೆ. ಇನ್ನ ಕರಿಯಂಗಿಲ್ಲ ಬಿಡು."

"ಯಾಕ ಕರಿಯಂಗಿಲ್ಲ?"

"ನೀ ಇಲ್ಲಿಯಾಕಿ ಆಗೀದಿ."

"ನಾ ಎಲ್ಲೀ ಇಲ್ಲಿಯಾಕಿ? ಇವರ ಬಾಯಾಗ ನಾ ಇನ್ನೂ ಮದ್ರಾಸಿ!" ಪಕ್ಕದಲ್ಲಿ ಕೂತಿದ್ದವರು ತಿರುಗಿ ನೋಡುವಷ್ಟು ಕೂಗಿದ್ದೆ. "ಕರಿ ಮೊದಲ. ಬರೂದು ಬಿಡೂದು ನನಗ ಬಿಟ್ಟದ್ದು."

ಶೈಲಜಾ ನನ್ನನ್ನು ಗುರುತಿಲ್ಲದವರನ್ನು ನೋಡುವಂತೆ ನೋಡಿದಳು. ರೈಲು ಬಂತು. ಹತ್ತಿ ಕೂತು, ಕಿಟಕಿಯಿಂದ ಕೈಯಾಡಿಸಿದಳು. ಕರೆಯಲಿಲ್ಲ. ಕರೆದಿದ್ದರೂ ನಾನು ಹೋಗುತ್ತಿರಲಿಲ್ಲ. ಆದರೂ, ಇದನ್ನು ಓದುತ್ತಿರುವ ಹುಬ್ಬಳ್ಳಿಯವರೇ, ಅವಳು ಒಂದು ಸಲ ಕರೆಯಬೇಕಿತ್ತು.